ಕೊಡಗಿನ ಮಳೆಗಾಲಕ್ಕೆ ಒಂದು ಸೀಗಲ್: ಕೊಳ್ಳುವುದು, ಕಾಪಾಡುವುದು, ತೆಗೆಯುವುದು

ಚೀನಾದಲ್ಲಿ ಫಿಲ್ಮ್ ಕ್ಯಾಮೆರಾದ ಹುಚ್ಚು ಇನ್ನೂ ಇಳಿದಿಲ್ಲ. ಶಾಂಘೈ ಜಿಪಿ3 ಎಂಬ ಕಪ್ಪು-ಬಿಳುಪು ಫಿಲ್ಮ್ ರೋಲ್ ಈಗಲೂ ಸಿಗುತ್ತದೆ, ಷಿಯಾನ್‌ಯೂ ಎಂಬ ಸೆಕೆಂಡ್‌ಹ್ಯಾಂಡ್ ಆ್ಯಪ್ ತುಂಬ ಹಳೆಯ ಸೀಗಲ್ ಕ್ಯಾಮೆರಾಗಳು. ಅಲ್ಲಿಂದ ಒಂದು 4ಬಿ (ಒಂದರ ಮೇಲೊಂದು ಎರಡು ಲೆನ್ಸ್ ಇರುವ ಮಾದರಿ) ತರಿಸಿ ಮಡಿಕೇರಿಯಲ್ಲಿ ಇಟ್ಟುಕೊಳ್ಳುವುದಾದರೆ ದೊಡ್ಡ ಶತ್ರು ಒಂದೇ: ಬೂಷ್ಟು.

ಜಾಹೀರಾತಿನಲ್ಲಿ ‘95 ಶಿನ್’ ಎಂದಿದ್ದರೆ ಹೊರಮೈ ನೂರಕ್ಕೆ ತೊಂಬತ್ತೈದರಷ್ಟು ಹೊಸದು ಎಂದರ್ಥ. ಲೆನ್ಸ್ ಗಾಜಿನ ಕಥೆ ಬೇರೆ. ಹಿಂಬದಿ ಬಾಗಿಲು ತೆಗೆದು, ಶಟರ್ ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದು, ಅಪರ್ಚರ್ 3.5ಕ್ಕೆ ಇಟ್ಟು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟ ಫೋಟೋ ಕೇಳಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಒಮ್ಮೆ ಕೋಟಿಂಗ್ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ. ಮಸುಕು ಮಂಜಿನಂತಿದ್ದರೆ ಬಹುಪಾಲು ಗ್ರೀಸ್ ಆವಿ, ಅದು ಹೋಗುತ್ತದೆ. ಸೆಲ್ಫ್‌ಟೈಮರ್ ಲಿವರ್ ಮಾತ್ರ ಮುಟ್ಟಲೇಬೇಡಿ. ಗ್ರೀಸ್ ಒಣಗಿದ ಗಿಯರ್ ಅರ್ಧದಲ್ಲಿ ನಿಂತರೆ ಶಟರೂ ನಿಲ್ಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಚರ್ಮದ ಕೇಸಿನಲ್ಲಿರಕೂಡದು, ಬೂಷ್ಟು ಹುಟ್ಟುವುದೇ ಆ ಚರ್ಮದಲ್ಲಿ. ರಬ್ಬರ್ ಅಂಚಿನ ಮುಚ್ಚಳದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಕಿತ್ತಳೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ಅದರ ಮುಳ್ಳು ಶೇಕಡಾ 40–50ರ ನಡುವೆ ಇರಲಿ. 60 ದಾಟಿ ಕೆಲವು ದಿನ ನಿಂತರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. 30ಕ್ಕಿಂತ ಕೆಳಗಿಳಿದರೆ ಗ್ರೀಸ್ ಒಣಗುತ್ತದೆ. ಹರಳು ಹಸಿರಾದರೆ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಅಕ್ಕಿ ಬೇಡ, ಅದರ ಹಿಟ್ಟು ಗಿಯರಿನೊಳಗೆ ಸೇರುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆಯಲ್ಲ ಎನ್ನುವವರಿದ್ದಾರೆ. ಒಣಮೀನಿಗೆ ಅದು ಸರಿ. ಕ್ಯಾಮೆರಾ ಅಲ್ಲಿಟ್ಟರೆ ಬಿಸಿಗೆ ಕರಗಿದ ಎಣ್ಣೆ ಹರಿದು ಶಟರ್ ಎಲೆಗಳು ಅಂಟಿಕೊಳ್ಳುತ್ತವೆ.

ಫಿಲ್ಮ್ ಫ್ರಿಜ್ಜಿನಲ್ಲಿದ್ದರೆ ಲೋಡ್ ಮಾಡುವ ಒಂದೆರಡು ಗಂಟೆ ಮುಂಚೆ ಹೊರಗಿಡಿ, ಕವರ್ ಹರಿಯದೆ. ಬೇಗ ಹರಿದರೆ ಇಬ್ಬನಿ ಕೂತು ಫಿಲ್ಮಿನ ಹಿಂಬದಿಯ ಕಾಗದ ಎಮಲ್ಷನ್‌ಗೆ (ಚಿತ್ರ ಮೂಡುವ ಲೇಪ) ಅಂಟುತ್ತದೆ.

ಹೊಸ ರೋಲ್ ಕೆಳಗೆ, ಖಾಲಿ ಸ್ಪೂಲ್ ಮೇಲೆ. ಕಾಗದದ ನಾಲಿಗೆ ಸಿಕ್ಕಿಸಿ, ಎರಡು ಸುತ್ತು ಬಿಗಿಯಾಗಿ ತಿರುಗಿಸಿ, ಬಾಗಿಲು ಹಾಕಿ. ಹಿಂಬದಿಯ ಕೆಂಪು ಕಿಂಡಿಯಲ್ಲಿ 1 ಬರುವವರೆಗೆ ನೆರಳಲ್ಲೇ ಸುತ್ತಿ, ಆಮೇಲೆ ಕಿಂಡಿ ಮುಚ್ಚಿ. ಮುಚ್ಚಳ ಸಡಿಲವಿದ್ದರೆ ಕರಿ ಟೇಪ್ ಹಾಕಿ. 4ಬಿಯಲ್ಲಿ ಫಿಲ್ಮ್ ಸುತ್ತುವುದಕ್ಕೂ ಕಾಕ್ ಮಾಡುವುದಕ್ಕೂ (ಲಿವರ್ ಎಳೆದು ಶಟರ್ ಸಜ್ಜು ಮಾಡುವುದು) ಸಂಬಂಧವಿಲ್ಲ. ಸುತ್ತುವುದು ಮರೆತರೆ ಒಂದೇ ಫ್ರೇಮಿನಲ್ಲಿ ಎರಡು ಚಿತ್ರ. ಕ್ಲಿಕ್ ಆದ ಕೂಡಲೇ ಸುತ್ತುವುದನ್ನು ರೂಢಿ ಮಾಡಿಕೊಳ್ಳಿ. ಶಟರ್ ವೇಗ ಇಡುವುದು ಮೊದಲು, ಕಾಕ್ ಆಮೇಲೆ, ಅದರಲ್ಲೂ 1/300 ಇಡುವಾಗ.

ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾಗುವ ಎರಡು ಮೂರು ದಿನಕ್ಕೆ ಲೆಕ್ಕ ಹೀಗೆ: ಐಎಸ್‌ಒ 100ರ ಫಿಲ್ಮಿಗೆ ಬಯಲು ಬಿಸಿಲಲ್ಲಿ ಶಟರ್ 1/125 ಸೆಕೆಂಡ್, ಅಪರ್ಚರ್ ಎಫ್16. ಸಿಲ್ವರ್ ಓಕ್ ನೆರಳಲ್ಲಿ 1/60, ಎಫ್4. ಆದರೆ ಈ ಮೂರು ಗಾಜಿನ ಲೆನ್ಸ್ ಪೂರ್ತಿ ತೆರೆದಾಗ ಮೂಲೆಗಳಲ್ಲಿ ಮೆತ್ತಗಾಗುತ್ತದೆ, ಎಫ್8ರಲ್ಲಿ ಖಡಕ್. ಹಾಗಾಗಿ ನೆರಳಲ್ಲಿ ಟ್ರೈಪಾಡ್ ಹಾಕಿ, ಎಫ್8 ಇಟ್ಟು 1/15ಕ್ಕೆ ಇಳಿಯುವುದೇ ಮೇಲು, ಗಾಳಿ ಇಲ್ಲದಿದ್ದರೆ. ಗೊಂಚಲನ್ನು ಒಂದು ಮೀಟರ್‌ನಿಂದ ತೆಗೆಯುವಾಗ ನೋಡುವ ಲೆನ್ಸ್ ಮೇಲೆ, ತೆಗೆಯುವ ಲೆನ್ಸ್ ಕೆಳಗೆ ಇರುವುದರಿಂದ ಚಿತ್ರದಲ್ಲಿ ಹೂವಿನ ತಲೆ ಕತ್ತರಿಸಿಹೋಗುತ್ತದೆ. ಫೋಕಸ್ ಮಾಡಿದ ಮೇಲೆ ಎರಡು ಲೆನ್ಸ್‌ಗಳ ನಡುವಿನ ಅಂತರದಷ್ಟು ಟ್ರೈಪಾಡ್ ಕಂಬ ಮೇಲೆತ್ತಿ, ಆಮೇಲೆ ಕ್ಲಿಕ್ಕಿಸಿ.