ಆಲೂಗಡ್ಡೆಗೆ ಬೆಳಕು ತೋರಿಸಬೇಡಿ

ಕಳೆದ ವಾರ ಸೊಸೆಯ ಅಡುಗೆಮನೆಯಲ್ಲಿ ಕಂಡದ್ದನ್ನು ಬರೆಯದೆ ಇರಲಾಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ತಂತಿಯ ಬುಟ್ಟಿ, ಅದರ ತುಂಬ ತಿಕ್ಕಿ ತೊಳೆದ ಆಲೂಗಡ್ಡೆ, ಅವುಗಳ ಜೊತೆಗೇ ಈರುಳ್ಳಿ, ಮೇಲೆ ರಾತ್ರಿ ಹನ್ನೊಂದರವರೆಗೂ ಉರಿಯುವ ಟ್ಯೂಬ್‌ಲೈಟು. ಅರ್ಧಕ್ಕರ್ಧ ಗಡ್ಡೆಗಳು ಹಸಿರಾಗಿದ್ದವು. ‘ಬೇಯಿಸಿದರೆ ಹೋಗುತ್ತದಲ್ಲ ಅತ್ತೆ’ ಎಂದಳು. ಹೋಗುವುದಿಲ್ಲ. ಆಲೂಗಡ್ಡೆ ಬೇರಲ್ಲ, ನೆಲದಡಿಯ ಕಾಂಡ. ಬೆಳಕು ತಗುಲಿದರೆ ಎಲೆಯಲ್ಲಿರುವಂಥ ಪತ್ರಹರಿತ್ತೇ ಅದರಲ್ಲಿಯೂ ಮೂಡುತ್ತದೆ. ಆ ಹಸಿರಿನಿಂದ ಕೇಡಿಲ್ಲ. ಆದರೆ ಅದೇ ಬೆಳಕಿಗೆ ಸಿಪ್ಪೆಯಡಿಯಲ್ಲಿ ಸೋಲನೈನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಅದು ಕುದಿಸಿದರೆ ಇಳಿಯುವಂಥದ್ದಲ್ಲ.

ಹಿತ್ತಲಿನಲ್ಲಿ ನಾಲ್ಕು ಸಾಲು ಬೆಳೆಯುವವರು ಅಲ್ಲಿಯೇ ಎಚ್ಚರವಹಿಸಬೇಕು. ನಮ್ಮ ಕೊಡಗಿನ ಮಳೆ ಏರುಮಣ್ಣನ್ನು ಉಳಿಸುವುದಿಲ್ಲ. ಒಂದು ಜೋರು ಮಳೆ ಬಂದು ಹೋದ ಮೇಲೆ ಗಡ್ಡೆಯ ತಲೆ ಹೊರಗೆ ಇಣುಕುತ್ತಿರುತ್ತದೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಬುಡಕ್ಕೆ ಮಣ್ಣು ಏರಿಸಿ. ಗಿಡ ಒಣಗುವ ಮೊದಲೇ ಆತುರಪಟ್ಟು ಕಿತ್ತ ಎಳೆಗಡ್ಡೆಯ ಸಿಪ್ಪೆ ತೆಳು, ಅದು ಬೇಗ ಹಸಿರಾಗುತ್ತದೆ. ಕಿತ್ತದ್ದನ್ನು ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಹರಡಬೇಡಿ.

ಇನ್ನು ನಾನು ಇಡುವ ರೀತಿ. ಅಂಟಿದ ಮಣ್ಣನ್ನು ಅಂಗೈಯಿಂದ ಉಜ್ಜಿ ಬಿಡಿಸುತ್ತೇನೆ, ನೀರು ಮುಟ್ಟಿಸುವುದಿಲ್ಲ. ಬಿದಿರಿನ ಬುಟ್ಟಿಯ ತಳಕ್ಕೆ ಕೈಗೆ ಗರಿಗರಿ ಎನ್ನುವಷ್ಟು ಒಣಗಿದ ಭತ್ತದ ಹುಲ್ಲು, ಅದರ ಮೇಲೆ ಒಂದೇ ಒಂದು ಸಾಲು ಗಡ್ಡೆ, ಮತ್ತೆ ಹುಲ್ಲು, ಮತ್ತೆ ಗಡ್ಡೆ, ಹೀಗೆ ಮೂರು ಸಾಲು. ನಾಲ್ಕನೆಯದು ಬೇಡ, ಕೆಳಗಿನದಕ್ಕೆ ಗಾಳಿ ಸಿಗುವುದಿಲ್ಲ. ಮೇಲೆ ಕಾಫಿಯ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ, ಅಂಚುಗಳನ್ನು ಬುಟ್ಟಿಯ ಒಳಕ್ಕೆ ತುರುಕುತ್ತೇನೆ. ಹೊದಿಸಿದ ಮೇಲೆ ಬಗ್ಗಿ ನೋಡಿದರೆ ಒಂದು ಗಡ್ಡೆಯೂ ಕಾಣಬಾರದು. ಗೊಬ್ಬರ ಬಂದ ಪ್ಲಾಸ್ಟಿಕ್ ಚೀಲ ಮಾತ್ರ ಖಂಡಿತ ಬೇಡ. ವಾರಕ್ಕೊಮ್ಮೆ ದೀಪ ಹಾಕದೆ ಕತ್ತಲಲ್ಲೇ ಕೈ ಆಡಿಸುತ್ತೇನೆ. ಮೆತ್ತಗಾದದ್ದು, ಮೊಳಕೆ ಬಂದದ್ದು ಬೆರಳಿಗೇ ತಿಳಿಯುತ್ತದೆ. 7ರಿಂದ 10 ಡಿಗ್ರಿಯ ತಂಪಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಸೆಕೆ ಹೆಚ್ಚಿದಷ್ಟೂ ಹಸಿರೂ ಮೊಳಕೆಯೂ ಬೇಗ. ಹಾಗೆಂದು ಫ್ರಿಜ್ಜಿಗೆ ತಳ್ಳಬೇಡಿ, ಅಲ್ಲಿಯ ಚಳಿಗೆ ಹಿಟ್ಟಿನ ಅಂಶ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ.

ಇಷ್ಟು ಕಟ್ಟುನಿಟ್ಟು ನನಗೆ ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಬಂದ ವರ್ಷ ಬುಟ್ಟಿಯನ್ನು ಅಟ್ಟದ ಮೇಲೆ, ಸರಿಯಾಗಿ ಗಾಜಿನ ಹೆಂಚಿನ ಕೆಳಗೆ ಇಟ್ಟಿದ್ದೆ. ದಿನವೂ ಅಂಗೈಯಗಲದ ಬಿಸಿಲು ಬುಟ್ಟಿಯ ಮೇಲೆ ಹಾದುಹೋಗುತ್ತಿತ್ತು. ಹದಿನೈದು ದಿನ ಕಳೆದು ನೋಡಿದರೆ ಮೇಲಿನ ಸಾಲು ಪೂರ್ತಿ ಪಾಚಿಯ ಬಣ್ಣ.

ಒಂದು ಮೂಲೆಯಲ್ಲಿ ತುಸು ಹಸಿರಿದ್ದರೆ ಸಿಪ್ಪೆಯ ಜೊತೆಗೆ ದಪ್ಪಗೆ ಕೆತ್ತಿ ತೆಗೆದು ಬಳಸಬಹುದು. ಕೆಂಪು ಸಿಪ್ಪೆಯ ಜಾತಿಯಲ್ಲಿ ಹಸಿರು ಮೇಲಕ್ಕೆ ಕಾಣದು, ಉಗುರಿನಿಂದ ಕೆರೆದು ನೋಡಿ. ಸುತ್ತಲೂ ಹಸಿರಾದದ್ದನ್ನು, ಬಾಯಿಗಿಟ್ಟರೆ ಕಹಿಯಾದದ್ದನ್ನು ಯಾರಿಗೂ ಬಡಿಸಬೇಡಿ. ನಾನು ಕೆಡಿಸಿದ ಆ ಬುಟ್ಟಿಯನ್ನು ನಮ್ಮತ್ತೆ ಎಸೆಯಲಿಲ್ಲ. ಬಿತ್ತನೆಗೆ ಹಸಿರು ಅಡ್ಡಿಯಲ್ಲವೆಂದು ಬೇರೆ ಎತ್ತಿಟ್ಟು, ಮುಂದಿನ ಬೆಳೆಗೆ ಮಣ್ಣು ಏರಿಸುವ ಕೆಲಸವನ್ನು ನನಗೇ ವಹಿಸಿದರು.