ಮಳೆಗಾಲದಲ್ಲೂ ಕೈಕೊಡದ ಎಂಜಲು ಪ್ರಯೋಗ: ನನ್ನ ಅನುಭವ

ಎಂಜಲು, ಗಂಜಿ, ಅಯೋಡಿನ್. ಏಳನೇ ಕ್ಲಾಸಿಗೆ ವಿಜ್ಞಾನ ಮಾಡುವ ಎಲ್ಲರಿಗೂ ಈ ಪ್ರಯೋಗ ಗೊತ್ತು: ಗಂಜಿಯ ಪಿಷ್ಟಕ್ಕೆ ಅಯೋಡಿನ್ ಬಿಟ್ಟರೆ ನೀಲಿ ಬರುತ್ತದೆ, ಎಂಜಲು ಆ ಪಿಷ್ಟವನ್ನು ಜೀರ್ಣ ಮಾಡಿದ್ದರೆ ಬರುವುದಿಲ್ಲ. ಅದು ಸಮಯಕ್ಕೆ ಸರಿಯಾಗಿ ಕೈಕೊಡುತ್ತದೆ ಅನ್ನುವುದೂ ಗೊತ್ತು. ಇದನ್ನು ಜುಲೈ ತಿಂಗಳಲ್ಲೇ, ಒಂದೇ ಪೀರಿಯಡ್ಡಿನಲ್ಲಿ ಮಾಡಿ ಮುಗಿಸುತ್ತೇನೆ ಎಂದು ನಾನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೇಳಿದಾಗ ಹಿರಿಯ ಮೇಷ್ಟ್ರೊಬ್ಬರು, "ಬೋರ್ಡ್ ಮೇಲೆ ಬರೆದು ಬಿಡಿ ಮಾರಾಯ್ರೆ, ಪೋರ್ಷನ್ ಆದ್ರೂ ಮುಗಿಯುತ್ತೆ" ಎಂದರು. ಎಲ್ಲರೂ ನಕ್ಕರು. ಈಗ ಅದೇ ಮೇಷ್ಟ್ರು ಫೋನ್ ಮಾಡಿ, ಬಾಟಲಿಗಳನ್ನು ಬೆಚ್ಚಗಿಡುವ ನನ್ನ ಪೆಟ್ಟಿಗೆಯ ಅಳತೆ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡೋಣ ಅನಿಸಿತು.

ನಮ್ಮದು ತೀರ್ಥಹಳ್ಳಿ ಕಡೆಯ ಶಾಲೆ. ಮಳೆ ಹಿಡಿಯಿತು ಅಂದರೆ ಕೋಣೆಯೊಳಗೆ 21–22 ಡಿಗ್ರಿ ಇರುತ್ತದೆ. ಎಂಜಲಿನಲ್ಲಿದ್ದು ಪಿಷ್ಟವನ್ನು ಒಡೆಯುವ ಕಿಣ್ವ ಅಮೈಲೇಸ್‌ಗೆ ಬೇಕಾದದ್ದು ಬಾಯಿಯೊಳಗಿನ ಬಿಸಿ, ಅಂದರೆ 37ರ ಆಸುಪಾಸು. ಚಳಿಯಲ್ಲಿ ಅದು ಕೆಲಸ ಮಾಡುವುದಿಲ್ಲ ಅಂತಲ್ಲ, ಬಹಳ ನಿಧಾನ. ಗಂಜಿ ಇನ್ನೂ ಕಡುನೀಲಿ ಇರುವಾಗಲೇ 40 ನಿಮಿಷ ಮುಗಿದು ಬೆಲ್ ಹೊಡೆಯುತ್ತದೆ. ಮಾರನೇ ದಿನ ಮಕ್ಕಳ ಪುಸ್ತಕದಲ್ಲಿ ಮಾತ್ರ "ನೀಲಿ ಬಣ್ಣ ಬರಲಿಲ್ಲ" ಎಂಬ ಉತ್ತರ ಗೈಡಿನಿಂದ ಇಳಿದಿರುತ್ತದೆ!

ಸರಿ, ಬಿಸಿನೀರಲ್ಲಿಟ್ಟರೆ ಆಯ್ತಲ್ಲ ಅನ್ನಬಹುದು. ನಾನೂ ಹಾಗೇ ಶುರು ಮಾಡಿದ್ದು. ಬಿಸಿಯೂಟದ ಅಡಿಗೆಮನೆಯಿಂದ ಕುದಿನೀರು ತಂದು, ಎರಡು ಬಾಟಲಿ ಇಟ್ಟು, ಒಂದಕ್ಕೆ ಎಂಜಲು ಹಾಕಿ, ಇನ್ನೊಂದನ್ನು ಸುಮ್ನೆ ಬಿಟ್ಟು, ಎರಡಕ್ಕೂ ಅಯೋಡಿನ್ ಬಿಟ್ಟೆ. ಎರಡರಲ್ಲೂ ನೀಲಿ ಇಲ್ಲ! ಎಂಜಲೇ ಹಾಕದ ಗಂಜಿ ಜೀರ್ಣ ಆಗಿದ್ದು ಹೇಗೆ? ಹುಡುಗರು ಬಾಟಲಿ ಕಿಟಕಿಯ ಮೇಲಿಟ್ಟು ಆಡಲು ಹೋದರು. ವಾಪಸ್ ಬಂದಾಗ ಎರಡೂ ಬಾಟಲಿ ನೀಲಿಯಾಗಿದ್ದವು. ಪಿಷ್ಟ ಮತ್ತು ಅಯೋಡಿನ್ ಸೇರಿ ಬರುವ ನೀಲಿ, ಚೆನ್ನಾಗಿ ಬಿಸಿಯಾದರೆ ಮಾಯವಾಗುತ್ತದೆ, ಆರಿದಾಗ ಮತ್ತೆ ಬರುತ್ತದೆ. ಅಷ್ಟು ಬಿಸಿಗೆ ಎಂಜಲಿನ ಅಮೈಲೇಸ್ ಸತ್ತೂ ಹೋಗಿರುತ್ತದೆ. ಅಂದರೆ ಕುದಿನೀರಲ್ಲಿಟ್ಟು "ಪ್ರಯೋಗ ಆಯ್ತು" ಅಂದುಕೊಂಡವರಿಗೆ ನಿಜವಾಗಿ ಏನೂ ಆಗಿರುವುದಿಲ್ಲ. ಇಂಥ "ಯಶಸ್ಸು" ನಾನು ಬೇರೆ ಶಾಲೆಗಳಲ್ಲೂ ನೋಡಿದ್ದೇನೆ.

ಎರಡನೇ ಕಾಟ ಪಾತ್ರೆ ತೊಳೆಯುವುದರದ್ದು. ಬಾಟಲಿಗಳನ್ನು ಹುಡುಗಿಯರು ಸೋಪಿನ ಪುಡಿ ಹಾಕಿ ಫಳಫಳ ತೊಳೆದಿಟ್ಟಿದ್ದರು. ಜಾಲಿಸಿದ್ದು ಸಾಲದು. ತಳದಲ್ಲಿ ಉಳಿದ ಕ್ಷಾರ ಅಯೋಡಿನ್‌ನ ಬಣ್ಣವನ್ನೇ ತಿಂದು ಹಾಕಿತು. ಎಲೆಅಡಿಕೆಯ ಸುಣ್ಣ ಬೆರಳಲ್ಲಿದ್ದರೂ ಇದೇ ಕಥೆ. ಈಗ ನಾವು ತೊಳೆದ ಬಾಟಲಿಯ ಕೊನೆಯ ನೀರಿಗೆ ಅರಿಶಿನದ ಕಾಗದ ಅದ್ದಿ ನೋಡುತ್ತೇವೆ. ಕೆಂಪಾದರೆ ಇನ್ನೊಮ್ಮೆ ಜಾಲಿಸು. ಆಮ್ಲ–ಪ್ರತ್ಯಾಮ್ಲ ಪಾಠದ ಅರ್ಧ ಭಾಗ ಹೀಗೆ ಬಚ್ಚಲುಕಟ್ಟೆಯಲ್ಲೇ ಮುಗಿಯಿತು.

ಗಂಜಿ ತೆಳುವಾಗಿರಲೇಬೇಕು. ಗಟ್ಟಿ ಗಂಜಿಯನ್ನು ಚಮಚ ಎಂಜಲು ಜೀರ್ಣ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಅನ್ನ ಬಸಿದ ತಿಳಿ ಒಂದು ಚಮಚ ತೆಗೆದು, ಲೋಟ ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ. ಬಾಟಲಿಯ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಮಸುಕಾಗಿಯಾದರೂ ಓದಲು ಬರಬೇಕು. ಇದಕ್ಕೆ ನಾನು ಒಂದು ಚಿಟಿಕೆ ಇನ್ನೇನೋ ಹಾಕುತ್ತೇನೆ. ಅಡಿಗೆಮನೆಯಲ್ಲೇ ಇರುವ ವಸ್ತು, ಎಂಜಲಿಗೆ ಚುರುಕು ಕೊಡುತ್ತದೆ. ಹೆಸರು ಹೇಳುವುದಿಲ್ಲ. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದೇನೂ ಇಲ್ಲ, ಹುಡುಕಿಕೊಳ್ಳಿ.

ಇನ್ನು ಪೆಟ್ಟಿಗೆ. ಮೆಡಿಕಲ್ ಅಂಗಡಿಯವರು ಎಸೆಯುವ ಥರ್ಮೋಕೋಲ್ ಪೆಟ್ಟಿಗೆ ಸಾಕು, ಕಾಸು ಕೊಡಬೇಕಿಲ್ಲ. ಮುಚ್ಚಳಕ್ಕೆ ತೂತು ಕೊರೆದು ಬಾಟಲಿ ಇಳಿಬಿಡಿ. ನೀರಿನ ಲೆಕ್ಕ ಮಕ್ಕಳಿಂದಲೇ ಮಾಡಿಸಿ. ನಮ್ಮಲ್ಲಿ ನೀರು ಕುದಿಯುವುದು 98 ಡಿಗ್ರಿ ಹತ್ತಿರ, ಊರು ಎತ್ತರದಲ್ಲಿದೆಯಲ್ಲ. ಪುಸ್ತಕದ 100 ಬರಲಿಲ್ಲ ಎಂದು ಥರ್ಮಾಮೀಟರ್ ಬೈಯುವುದು ಬೇಡ. ತಣ್ಣೀರು 22, ನಮಗೆ ಬೇಕಾದದ್ದು 40. ಕುದಿನೀರು ಕಳೆದುಕೊಳ್ಳುವುದು 58, ತಣ್ಣೀರು ಪಡೆದುಕೊಳ್ಳುವುದು 18. ಹಾಗಾಗಿ ಒಂದು ಲೋಟ ಕುದಿನೀರಿಗೆ ಮೂರು ಲೋಟದ ಮೇಲೆ ಸ್ವಲ್ಪ ತಣ್ಣೀರು. ಪಾತ್ರೆ, ಗಾಳಿ ಕುಡಿಯುವ ಬಿಸಿ ಸೇರಿಸಿದರೆ ಬರೀ ಮೂರು ಲೋಟವೇ ಸರಿ. ಮುಚ್ಚಿಟ್ಟರೆ ಪೀರಿಯಡ್ ಮುಗಿಯುವವರೆಗೂ ಒಂದೆರಡು ಡಿಗ್ರಿ ಮಾತ್ರ ಇಳಿಯುತ್ತದೆ. ಉಷ್ಣದ ಪಾಠಕ್ಕೆ ಬೇರೆ ಉದಾಹರಣೆ ಬೇಕೇ? ಒಂದು ಮಾತು: ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಇದಕ್ಕೆ ಬೇಡ. ಅದರ ಅಳತೆ 42ಕ್ಕೆ ಮುಗಿಯುತ್ತದೆ, ಜಾಸ್ತಿ ಬಿಸಿಯಾದರೆ ಒಡೆಯುತ್ತದೆ.

ಅಯೋಡಿನ್ ಬಾಟಲಿಗೇ ಸುರಿಯಬೇಡಿ. ಮನೆ ಕಟ್ಟಿದವರ ಹತ್ತಿರ ಬಿಳಿ ಟೈಲ್ಸ್ ತುಂಡು ಬಿದ್ದಿರುತ್ತದೆ, ಅದನ್ನು ತನ್ನಿ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್‌ಗೆ ನೀರು ಬೆರೆಸಿ ತಿಳಿ ಟೀ ಬಣ್ಣಕ್ಕೆ ತಂದು ಟೈಲ್ಸ್ ಮೇಲೆ ಸಾಲಾಗಿ ಹನಿ ಇಡಿ. ಎರಡು ನಿಮಿಷಕ್ಕೊಮ್ಮೆ ಬಾಟಲಿಯಿಂದ ಒಂದು ಹನಿ ತೆಗೆದು ಅದರ ಮೇಲೆ ಬಿಡಿ. ಮೊದಲ ಹನಿ ಕಪ್ಪು ಎನ್ನುವಷ್ಟು ನೀಲಿ. ಆಮೇಲಿನದು ನೇರಳೆ. ಅದರ ಮುಂದಿನದರ ಅಂಚಿನಲ್ಲಿ ಕೆಂಪು ಮಿಶ್ರಿತ ಕಂದು ಇಣುಕುತ್ತದೆ. ಪಿಷ್ಟ ಒಮ್ಮೆಗೇ ಸಕ್ಕರೆ ಆಗುವುದಿಲ್ಲ, ನಡುವೆ ಡೆಕ್ಸ್‌ಟ್ರಿನ್ ಬರುತ್ತದೆ, ಆ ಕೆಂಪು ಅದರದ್ದೇ. ಕೊನೆಗೆ ಬರೀ ಅಯೋಡಿನ್‌ನ ಹಳದಿ ಉಳಿಯುತ್ತದೆ. ನಮ್ಮಲ್ಲಿ ಹತ್ತು ನಿಮಿಷದ ಆಚೀಚೆ ಇಷ್ಟೂ ಆಗುತ್ತದೆ. ಪಕ್ಕದ ಸಾಲಿನಲ್ಲಿ ಕುದಿಸಿದ ಎಂಜಲು ಹಾಕಿದ ಗಂಜಿಯ ಹನಿಗಳು ಕೊನೆಯವರೆಗೂ ನೀಲಿಯಾಗೇ ಇರುತ್ತವೆ. ಎರಡು ಸಾಲು ಒಟ್ಟಿಗೆ ನೋಡಿದ ಮೇಲೆ ನಾನು ಬಾಯಿ ಬಿಡುವ ಅಗತ್ಯವೇ ಬರಲಿಲ್ಲ.

ಎಂಜಲು ಕೂಡಿಸುವಾಗ ಹುಣಸೆಹಣ್ಣಿನ ಮಾತು ತೆಗೆದರೆ ಸಾಕು, ಬಾಯಿ ತುಂಬುತ್ತದೆ. ಒಬ್ಬೊಬ್ಬರ ಎಂಜಲಿನ ವೇಗ ಒಂದೊಂದು, ಅದು ಸಹಜ. ಪಂದ್ಯ ಬೇಡ ಎಂದರೂ ಮಕ್ಕಳು ಬಿಡುವುದಿಲ್ಲ. ಒಬ್ಬರ ಬಾಟಲಿ ಒಬ್ಬರೇ ಮುಟ್ಟಬೇಕು ಅನ್ನುವುದು ಮಾತ್ರ ಕಟ್ಟುನಿಟ್ಟು.

"ಹೊಟ್ಟೆಗೆ ಹೋದ ಮೇಲೂ ಎಂಜಲು ಕೆಲಸ ಮಾಡುತ್ತಾ?" ಎಂದು ಒಬ್ಬಳು ಕೇಳಿದಳು. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ನಾವು ಲಿಂಬೆರಸ ಹಾಕಿ ನೋಡೋಣ ಎಂದುಕೊಂಡೆವು. ಎಂಜಲು ನಿಂತು ಹೋಗಬೇಕು, ನೀಲಿ ಉಳಿಯಬೇಕು. ಆದರೆ ಮೊದಲ ಹನಿಗೇ ನೀಲಿ ಹಾರಿಹೋಯಿತು. ಎಂಜಲಿಲ್ಲದ ಗಂಜಿಯಲ್ಲೂ ಹಾಗೇ. ಇದು ಲಿಂಬೆಯ ಸಿ ವಿಟಮಿನ್ ಕೆಲಸ, ಅದು ಅಯೋಡಿನ್‌ನ ಬಣ್ಣ ತೆಗೆಯುತ್ತದೆ. ಲಿಂಬೆ ಬಿಟ್ಟು ವಿನೆಗರ್ ಹಾಕಿದಾಗ ಸರಿಯಾದ ಉತ್ತರ ಬಂತು, ಗಂಜಿ ನೀಲಿಯಾಗೇ ಉಳಿಯಿತು. ಲಿಂಬೆಯನ್ನೂ ಬಿಡಲಿಲ್ಲ ಅನ್ನಿ. ಒಂದು ಚಮಚ ರಸ ಎಷ್ಟು ಹನಿ ಅಯೋಡಿನ್ ನುಂಗುತ್ತದೆ ಎಂದು ಎಣಿಸಿದರೆ ಅದೇ ವಿಟಮಿನ್ ಅಳತೆ. ಬೆಟ್ಟದ ನೆಲ್ಲಿಕಾಯಿ ಎಲ್ಲವನ್ನೂ ಹಿಂದೆ ಹಾಕಿತು. ಹುಣಸೆ ಬರೀ ಹುಳಿಯ ಜೋರು, ಇದರಲ್ಲಿ ಲೆಕ್ಕಕ್ಕಿಲ್ಲ.

ಹಸಿ ಅಕ್ಕಿಹಿಟ್ಟು ಕದಡಿದ ನೀರಿನಲ್ಲೂ ಎಂಜಲು ಹಾಕಿ ನೋಡಿದೆವು. ಬೇಯಿಸಿದ ಗಂಜಿಯ ಪೂರ್ತಿ ಸಾಲು ಮುಗಿದರೂ ಹಸಿಹಿಟ್ಟು ನೀಲಿ ಬಿಡಲಿಲ್ಲ. ಅನ್ನ ಯಾಕೆ ಬೇಯಿಸುತ್ತೇವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ಎಂಜಲು ಎಂದರೆ ಮುಖ ಸಿಂಡರಿಸುವ ಪೋಷಕರೂ ಇದ್ದಾರೆ. ಅವರಿಗೆ ರಾಗಿ. ಮೊಳಕೆ ಬಂದ ರಾಗಿಯಲ್ಲೂ ಅಮೈಲೇಸ್ ಇರುತ್ತದೆ. ಕೂಸಿಗೆ ಮಾಡುವ ರಾಗಿ ಸರಿ ಹಗುರ ಅನ್ನುವುದೂ ಇದೇ ಕಾರಣಕ್ಕೆ. ಮೊಳಕೆ ರಾಗಿ ಒಣಗಿಸಿ, ಹುರಿಯದೆ ಪುಡಿ ಮಾಡಿ, ನೀರಲ್ಲಿ ನೆನೆಸಿ ಸೋಸಿ. ಹುರಿದರೆ ಕಥೆ ಮುಗಿಯಿತು. ಎಂಜಲಿಗಿಂತ ಬಿಸಿ ಸ್ವಲ್ಪ ಜಾಸ್ತಿಯೇ ಬೇಕು, 50 ದಾಟಿದರೂ ತಡೆದುಕೊಳ್ಳುತ್ತದೆ. ಆದರೆ ತೆಗೆದ ಹನಿಯನ್ನು ಅಯೋಡಿನ್ ಜೊತೆ ಸೇರಿಸುವ ಮೊದಲು ಟೈಲ್ಸ್ ಮೇಲೆ ಆರಲು ಬಿಡಿ.

ಇನ್ನು ಆಮ್ಲದ ಗುಣವನ್ನು ಪ್ರತ್ಯಾಮ್ಲದಿಂದ ಅಳಿಸುವ ತಟಸ್ಥೀಕರಣಕ್ಕೆ ಬೋರ್ಡೋ ದ್ರಾವಣ ಬಿಟ್ಟರೆ ನಮ್ಮ ಸೀಮೆಯಲ್ಲಿ ಬೇರೆ ಪಾಠ ಬೇಡ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲಕ್ಕೇ ಶಾಲೆಯೂ ಶುರು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಎಂದು ಮಕ್ಕಳೇ ಹೇಳುತ್ತಾರೆ. ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ಒಂದು ನಿಮಿಷ ಬಿಟ್ಟು ತೆಗೆದರೆ ಅಲಗಿಗೆ ತಾಮ್ರದ ಕೆಂಪು ಕೂತಿರುತ್ತದೆ, ಅಂದರೆ ಸುಣ್ಣ ಸಾಲದು. ಅಪ್ಪ ತೋಟದಲ್ಲಿ ಮಾಡುವುದು ರಸಾಯನ ವಿಜ್ಞಾನ ಎಂದು ಗೊತ್ತಾದಾಗ ಕೊನೆ ಬೆಂಚಿನವರೂ ಮುಂದೆ ಬಂದು ಕೂತರು. ಮೈಲುತುತ್ತ ವಿಷ. ಅದನ್ನು ನಾನೇ ಮುಟ್ಟುತ್ತೇನೆ, ಮಕ್ಕಳು ನೋಡುತ್ತಾರೆ, ಅಷ್ಟೇ.

ದುಡ್ಡಿನ ವಿಚಾರ. ನೆನಪಿನಿಂದ ಹೇಳುತ್ತಿದ್ದೇನೆ: ಟಿಂಕ್ಚರ್ 30–40 ರೂಪಾಯಿ, ವರ್ಷಕ್ಕೆ ಒಂದು ಬಾಟಲಿ ಸಾಕು. ಹೋಮಿಯೋಪಥಿ ಗಾಜಿನ ಬಾಟಲಿ ಡಜನ್‌ಗೆ ನೂರರ ಒಳಗೆ. 110 ಡಿಗ್ರಿಯ ಲ್ಯಾಬ್ ಥರ್ಮಾಮೀಟರ್ 150ರ ಸುತ್ತಮುತ್ತ, ದುಬಾರಿ ಅಂದರೆ ಇದೊಂದೇ. ಡ್ರಾಪರ್, ವಿನೆಗರ್ ಎಲ್ಲ ಸೇರಿ 400 ದಾಟಿಲ್ಲ. ನನ್ನ ಜೇಬಿನಿಂದಲೇ ಹೋದದ್ದು, ಅನುದಾನಕ್ಕೆ ಕಾಯುತ್ತಾ ಕೂತಿದ್ದರೆ ಮಕ್ಕಳು ಹೈಸ್ಕೂಲಿಗೆ ಹೋಗಿರುತ್ತಿದ್ದರು.

ಮುಂದಿನ ಸಭೆಗೆ ಪೆಟ್ಟಿಗೆ, ಥರ್ಮಾಮೀಟರ್ ನಾನು ತರುತ್ತೇನೆ. ಟೈಲ್ಸ್ ತುಂಡು, ಅನ್ನದ ತಿಳಿ ನೀವು ತನ್ನಿ. ಎಂಜಲು ಆ ಹಿರಿಯ ಮೇಷ್ಟ್ರದ್ದೇ ಇರಲಿ.