ಫೋನಿನಲ್ಲಿ ಜಾಕ್ ಇಲ್ಲವೇ? ಹಳೆಯ ಹೆಡ್‌ಫೋನ್ ಜೋಡಿಸುವುದು ಹೀಗೆ

ಒಳ್ಳೆಯ ತಂತಿ ಹೆಡ್‌ಫೋನ್ ಮನೆಯಲ್ಲಿದೆ, ಹೊಸ ಫೋನಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. 2016ರಲ್ಲಿ ಮೋಟೋ ಝಡ್, ಐಫೋನ್ 7 ಬಂದಾಗ 3.5 ಮಿಲಿಮೀಟರ್ ಜಾಕ್ ಕಾಣೆಯಾಯಿತು. ಆಮೇಲೆ ಉಳಿದ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ಹಾಗಂತ ಹೆಡ್‌ಫೋನನ್ನು ಮೂಲೆಗೆ ಹಾಕಬೇಕಿಲ್ಲ, ಫೋನಿನ ಚಾರ್ಜಿಂಗ್ ಪೋರ್ಟ್ ಯುಎಸ್‌ಬಿ-ಸಿ ಆಗಿದ್ದರೆ ಅದಕ್ಕೆ ಸಿಕ್ಕಿಸುವ ಒಂದು ಯುಎಸ್‌ಬಿ-ಸಿ ಅಡಾಪ್ಟರ್ ಸಾಕು. ಆದರೆ ಕೈಗೆ ಸಿಕ್ಕಿದ್ದನ್ನು ತಂದರೆ ಆಗದು.

ನನ್ನ ಹಳೆ ಫೋನಿನಲ್ಲಿ ಸೊಗಸಾಗಿ ಹಾಡುತ್ತಿದ್ದ ಅಡಾಪ್ಟರ್, ಫೋನ್ ಬದಲಿಸಿದ ದಿನ ಮೂಕವಾಯಿತು. ಹೆಡ್‌ಫೋನ್ ಸಿಕ್ಕಿಸಿದ್ದರೂ ಹಾಡು ಸ್ಪೀಕರಿನಿಂದಲೇ ಬರುತ್ತಿತ್ತು. ಕೆಟ್ಟಿರಬೇಕೆಂದು ಅದೇ ಬಗೆಯ ಇನ್ನೊಂದು ಕೊಂಡೆ, ಅದೂ ಮೂಕ. ಕೆಟ್ಟಿದ್ದು ಎರಡರಲ್ಲಿ ಒಂದೂ ಅಲ್ಲ. ಆ ಫೋನಿಗೆ ಬೇಕಾದ ಬಗೆಯೇ ಬೇರೆ.

ಫೋನಿನೊಳಗೆ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಚಿಪ್‌ಗೆ ‘ಡ್ಯಾಕ್’ ಎನ್ನುತ್ತಾರೆ. ಕೆಲವು ಫೋನ್‌ಗಳು ಈ ಕೆಲಸವನ್ನು ತಾವೇ ಮುಗಿಸಿ ಯುಎಸ್‌ಬಿ-ಸಿ ಪೋರ್ಟಿನಿಂದ ಹೊರಗೆ ಕಳಿಸುತ್ತವೆ. ಅವಕ್ಕೆ ಬರೀ ತಂತಿಯ ಅಡಾಪ್ಟರ್ ನಡೆಯುತ್ತದೆ. ಗೂಗಲ್ ಪಿಕ್ಸೆಲ್, ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್20, ಐಫೋನ್ 15ರಂಥವು ಅಂಕಿಗಳನ್ನಷ್ಟೇ ಕಳಿಸುವುದರಿಂದ ಡ್ಯಾಕ್ ಅಡಾಪ್ಟರಿನಲ್ಲೇ ಇರಬೇಕು. ನಿಮ್ಮ ಫೋನ್ ಯಾವ ಗುಂಪಿನದೆಂದು ತಿಳಿಯದಿದ್ದರೆ ಡ್ಯಾಕ್ ಇರುವುದನ್ನೇ ಕೊಳ್ಳಿ, ಬಹುಪಾಲು ಫೋನ್‌ಗಳಲ್ಲಿ ಅದು ಕೆಲಸ ಮಾಡುತ್ತದೆ.

ಮನೆಯಲ್ಲೇ ಇರುವ ಅಡಾಪ್ಟರನ್ನು ಪರೀಕ್ಷಿಸಬೇಕೇ? ಹೆಡ್‌ಫೋನ್ ಸಮೇತ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟಿಗೆ ಹಾಕಿ, ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ಪಟ್ಟಿಯಲ್ಲಿ ಹೊಸ ಸಾಧನ ಕಾಣಿಸಿದರೆ ಒಳಗೆ ಡ್ಯಾಕ್ ಇದೆ.

ಈಗ ಜೋಡಿಸೋಣ. ಮೊದಲು ಹೆಡ್‌ಫೋನ್ ಪಿನ್ನನ್ನು ಅಡಾಪ್ಟರಿಗೆ ‘ಟಕ್’ ಎನ್ನುವವರೆಗೆ ಒತ್ತಿ. ಅರ್ಧಕ್ಕೆ ನಿಂತರೆ ಒಂದೇ ಕಿವಿಗೆ ಕೇಳಿಸುತ್ತದೆ, ಇಲ್ಲವೇ ಹಾಡುವವರ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿರುತ್ತದೆ. ಆಮೇಲೆ ಅಡಾಪ್ಟರನ್ನು ಫೋನಿಗೆ ಹಾಕಿ. ಯಾವ ಮುಖ ಮೇಲಿದ್ದರೂ ಸರಿ. ವಾಲ್ಯೂಮ್ ತಗ್ಗಿಸಿಟ್ಟು ಹಾಡು ಶುರುಮಾಡಿ, ನಿಧಾನವಾಗಿ ಏರಿಸಿ.

ಸದ್ದಿಲ್ಲವೇ? ಬ್ಲೂಟೂತ್ ಆಫ್ ಮಾಡಿ ನೋಡಿ, ಹಾಡು ಇನ್ನಾವುದೋ ಸ್ಪೀಕರಿಗೆ ಹೋಗುತ್ತಿರಬಹುದು. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಓಟಿಜಿ (ಪೋರ್ಟಿಗೆ ಹೊರಗಿನ ಸಾಧನ ಜೋಡಿಸಲು ಬಿಡುವ) ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿ ಆಫ್ ಆಗುವುದೂ ಉಂಟು. ಹಾಡು ಕೇಳಿಸಿ, ಕರೆಯಲ್ಲಿ ನಿಮ್ಮ ಮಾತು ಮಾತ್ರ ಆಚೆಯವರಿಗೆ ಕೇಳದಿದ್ದರೆ ಪಿನ್ನನ್ನು ಬೆಳಕಿಗೆ ಹಿಡಿಯಿರಿ. ಮೈಕ್ ಇರುವ ಹೆಡ್‌ಫೋನಿನ ಪಿನ್ನಿನ ಮೇಲೆ ಸಾಮಾನ್ಯವಾಗಿ ಮೂರು ತೆಳು ಉಂಗುರಗಳಿರುತ್ತವೆ. ಎರಡೇ ಇದ್ದರೆ ಆ ಪಿನ್ನಿನಲ್ಲಿ ಮೈಕಿಗೆ ದಾರಿಯಿಲ್ಲ. ಮೂರಿದ್ದರೆ ಅಡಾಪ್ಟರ್ ಮೈಕಿಗೆ ಹೊಂದುತ್ತದೆಯೇ ಎಂದು ಡಬ್ಬದ ಮೇಲೆ ನೋಡಿ.

ಚಾರ್ಜ್ ಮಾಡುತ್ತಲೇ ಕೇಳಬೇಕೆನ್ನುವವರಿಗೆ ಎರಡು ಕಿಂಡಿಯ ಅಡಾಪ್ಟರ್ ಸಿಗುತ್ತದೆ.

ಜೋಡಿಸಿದ್ದು ಪದೇಪದೇ ಕಳಚಿಕೊಂಡರೆ ಪೋರ್ಟಿನಲ್ಲಿ ಜೇಬಿನ ನೂಲುಧೂಳು ಗಟ್ಟಿಯಾಗಿ ಕೂತಿರಬಹುದು. ಫೋನ್ ಸ್ವಿಚ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಖಂಡಿತ ಬೇಡ. ನಡುವಿನ ತೆಳು ನಾಲಿಗೆಯ ಮೇಲೆ 24 ಸಂಪರ್ಕಗಳಿವೆ, ಒಂದು ಗೀರಿದರೂ ಚಾರ್ಜಿಂಗಿಗೇ ಕುತ್ತು ಬರಬಹುದು.